ಕರೆಂಟ್ ಬಂದರೂ ಏಳದ ಕಂಪ್ಯೂಟರ್: ಕ್ಯಾಸೆಟ್ ಕೆಲಸದ ದಿನಚರಿ

ತಾಳಮದ್ದಳೆಯ ಹಳೆಯ ಕ್ಯಾಸೆಟ್‌ಗಳನ್ನು ಡಿಜಿಟಲ್ ರೂಪಕ್ಕೆ ತರುವ ಕೆಲಸ ಈ ವಾರ ಒಂದು ಹೆಜ್ಜೆಯೂ ಮುಂದೆ ಹೋಗಿಲ್ಲ. ಧ್ವನಿ ಕಡತಗಳು ಕುಳಿತಿರುವ ಹಳೆಯ ಡೆಸ್ಕ್‌ಟಾಪ್ ಏಳುವುದಕ್ಕೇ ತಕರಾರು ತೆಗೆದಿದೆ. ಸಾಗರದ ಮಳೆಗಾಲದಲ್ಲಿ ಕರೆಂಟ್ ಹೋಗುವುದು ಸುದ್ದಿಯೇ ಅಲ್ಲ. ಬಂದೊಡನೆ ಯಂತ್ರ ತಾನಾಗಿ ಚಾಲೂ ಆಗಲೆಂದು ಬಯೋಸ್‌ನಲ್ಲಿ, ಅಂದರೆ ಯಂತ್ರ ಏಳುವಾಗ ಮೊದಲು ಓಡುವ ತಂತ್ರಾಂಶದಲ್ಲಿ, ಆಯ್ಕೆಯೂ ಇದೆ. ಆದರೆ ಒಮ್ಮೆ ಪರದೆ ಪೂರ್ತಿ ಕಪ್ಪು, ಇನ್ನೊಮ್ಮೆ ಲಾಂಛನದ ಬಳಿಯೇ ಠಿಕಾಣಿ, ಮತ್ತೊಮ್ಮೆ ಲಿನಕ್ಸ್ ಅರ್ಧ ದಾರಿಗೆ ಬಂದು ಎಮರ್ಜೆನ್ಸಿ ಮೋಡ್, ಅಂದರೆ ರಿಪೇರಿಗೆಂದು ಬರಿಯ ಆದೇಶ ಕೊಡುವ ಪರದೆ. ಕೀಬೋರ್ಡ್ ಬಿಟ್ಟು ಯುಎಸ್‌ಬಿಯಲ್ಲಿ ಚುಚ್ಚಿದ್ದನ್ನೆಲ್ಲ ಕಿತ್ತರೆ ಮಾತ್ರ ಕಪ್ಪು ಪರದೆಯೂ ಲಾಂಛನದ ಠಿಕಾಣಿಯೂ ತಪ್ಪುತ್ತವೆ.

ಕಿತ್ತಿಟ್ಟು ಕೂರುವಂತಿಲ್ಲ. ಸೌಂಡ್ ಕಾರ್ಡ್, ಹೊರಗಿನ ಹಾರ್ಡ್ ಡಿಸ್ಕ್, ಒಂದು ಯುಎಸ್‌ಬಿ ಪೋರ್ಟನ್ನು ಹಲವಾಗಿಸುವ ಹಬ್ ಎಲ್ಲವೂ ಬೇಕು. ಎಲ್ಲಿ ನಿಲ್ಲುತ್ತದೆ ಎಂಬುದನ್ನು ನೋಡಿಕೊಂಡು ಒಂದೊಂದನ್ನೇ ಹಿಡಿದೆ.

ಲಾಂಛನದ ತೊಂದರೆ ಬೇಗ ಮುಗಿಯಿತು. ಹಿಂಬದಿಯ ಪೆನ್ ಡ್ರೈವ್, ಯಾವುದರಿಂದ ಮೊದಲು ಏಳಬೇಕೆಂಬ ಬೂಟ್ ಪಟ್ಟಿಯಲ್ಲಿ ಒಳಗಿನ ಡಿಸ್ಕ್‌ಗಿಂತ ಮೇಲೆ ಹೋಗಿ ಕುಳಿತಿತ್ತು. ಒಳಗಿನ ಡಿಸ್ಕನ್ನು ಮೊದಲಿಗೆ ತಂದು, ಯುಎಸ್‌ಬಿಯಿಂದ ಬೂಟ್ ಆಗುವ ಆಯ್ಕೆಯನ್ನೇ ಮುಚ್ಚಿದೆ. ಲೆಗಸಿ ಯುಎಸ್‌ಬಿ ಎಂಬುದನ್ನು ಮಾತ್ರ ಮುಟ್ಟಲಿಲ್ಲ. ಹಳೆಯ ಬೋರ್ಡ್‌ಗಳಲ್ಲಿ ಅದನ್ನು ಮುಚ್ಚಿದರೆ ಬಯೋಸ್ ಒಳಗೆ ಯುಎಸ್‌ಬಿ ಕೀಬೋರ್ಡ್ ಕೆಲಸ ಮಾಡದೆ ಹೋಗಬಹುದು. ಕೀಬೋರ್ಡನ್ನೇ ತೆಗೆದಿಟ್ಟರೆ ಈ ಬಯೋಸ್, ಕೀಬೋರ್ಡ್ ಇಲ್ಲ, ಮುಂದುವರಿಯಲು ಎಫ್1 ಒತ್ತಿ ಎನ್ನುತ್ತದೆ! ಯಾವುದನ್ನು ಒತ್ತಬೇಕೋ ಬರೆದವರೇ ಹೇಳಬೇಕು. ದೋಷ ಕಂಡರೂ ನಿಲ್ಲಬೇಡ ಎಂಬ ಆಯ್ಕೆ ಕೊಟ್ಟ ಮೇಲೆ ಅದು ಸುಮ್ಮನಾಯಿತು.

ಕಪ್ಪು ಪರದೆಯೇ ನಿಜವಾಗಿ ಕಾಡಿದ್ದು. ಕರೆಂಟ್ ಹೋದಾಗ ಕತ್ತಲಲ್ಲಿ ನೋಡಿದರೆ, ಗೋಡೆಯಿಂದ ವಿದ್ಯುತ್ತೇ ಇಲ್ಲದ ಕಂಪ್ಯೂಟರ್‌ನ ಮೌಸ್ ಕೆಂಪಗೆ ಉರಿಯುತ್ತಿತ್ತು. ಅಲ್ಲಿಗೆ ಸುಳಿವು ಸಿಕ್ಕಿತು. ಹಬ್‌ನ ಅಡಾಪ್ಟರ್ ರೂಟರ್‌ನ ಪಕ್ಕದ ಪ್ಲಗ್‌ನಲ್ಲಿದೆ, ಆ ಪ್ಲಗ್ ಇನ್ವರ್ಟರ್ ಲೈನಿನದು. ಕಂಪ್ಯೂಟರ್ ಇರುವುದು ಸಾದಾ ಲೈನಿನಲ್ಲಿ. ಹಳೆಯ ಯುಎಸ್‌ಬಿ ತಂತಿಯೊಂದನ್ನು ಕತ್ತರಿಸಿ, ಕಂಪ್ಯೂಟರ್‌ನ ಖಾಲಿ ಪೋರ್ಟ್‌ಗೆ ಚುಚ್ಚಿ, ಕೆಂಪು ಮತ್ತು ಕಪ್ಪು ತಂತಿಗಳ ನಡುವೆ ಮಲ್ಟಿಮೀಟರ್ ಇಟ್ಟೆ. 5 ವೋಲ್ಟ್‌ಗೆ ತುಸು ಕಡಿಮೆ ತೋರಿಸಿತು. ಹಬ್ ತನ್ನ ವಿದ್ಯುತ್ತನ್ನು ಹಿಂದಕ್ಕೆ, ಮದರ್‌ಬೋರ್ಡ್‌ಗೇ ತಳ್ಳುತ್ತಿತ್ತು. ಯುಎಸ್‌ಬಿ ನಿಯಮದ ಪ್ರಕಾರ ಹಬ್ ಹೀಗೆ ಮಾಡಲೇಬಾರದು. ತಡೆಯುವ ಡಯೋಡ್‌ನ ಖರ್ಚು ಉಳಿಸಿದ ಅಗ್ಗದ ಹಬ್‌ಗಳು ಮಾಡುತ್ತವೆ. ಬೋರ್ಡ್ ಪೂರ್ತಿ ಆರುವುದೂ ಇಲ್ಲ, ಪೂರ್ತಿ ಏಳುವುದೂ ಇಲ್ಲ, ತ್ರಿಶಂಕುವಿನ ಹಾಗೆ ನಡುವೆ ನೇತಾಡುತ್ತದೆ. ಹೀಗಾಗಿ ಮರಳಿ ಬಂದ ಕರೆಂಟ್ ಅದಕ್ಕೆ ಹೊಸ ಆರಂಭ ಎನಿಸುವುದಿಲ್ಲ.

ಸದ್ಯಕ್ಕೆ ಅಡಾಪ್ಟರನ್ನು ಕಂಪ್ಯೂಟರ್ ಇರುವ ಎಕ್ಸ್‌ಟೆನ್ಶನ್ ಬೋರ್ಡ್‌ಗೇ ಬದಲಾಯಿಸಿದ್ದೇನೆ. ಹೋದರೆ ಎರಡೂ ಒಟ್ಟಿಗೆ ಹೋಗುತ್ತವೆ. ಮೇನ್ ಸ್ವಿಚ್ ಆರಿಸಿ ಹಾಕಿ ನೋಡಿದೆ, ಪ್ರತಿ ಸಲವೂ ಎದ್ದಿತು. ಹಬ್ಬನ್ನೇ ತೆಗೆದು ಡಿಸ್ಕನ್ನು ನೇರವಾಗಿ ಸಿಕ್ಕಿಸಬಹುದಲ್ಲ ಎಂದು ತಮ್ಮ ಕೇಳಿದ. ಇದರಲ್ಲಿರುವುದು ಯುಎಸ್‌ಬಿ 2.0 ಪೋರ್ಟ್, ನಿಯಮದಂತೆ 500 ಮಿಲಿಆಂಪಿಯರ್ ಕೊಡುತ್ತದೆ. ತಿರುಗಲು ತೊಡಗುವಾಗ ಡಿಸ್ಕ್ ಅದಕ್ಕಿಂತ ಹೆಚ್ಚು ಎಳೆಯುತ್ತದೆ. ಹಬ್ ತಂದದ್ದೇ ಅದಕ್ಕಾಗಿ.

ಉಳಿದದ್ದು ಎಮರ್ಜೆನ್ಸಿ ಮೋಡ್. ಏಳುವಾಗ ಯಾವ ಡಿಸ್ಕ್‌ಗಳನ್ನು ಜೋಡಿಸಬೇಕೆಂದು ಲಿನಕ್ಸ್‌ಗೆ ಹೇಳುವ ಎಫ್‌ಎಸ್‌ಟ್ಯಾಬ್ ಕಡತದಲ್ಲಿ ಹೊರಗಿನ ಡಿಸ್ಕಿನ ಹೆಸರಿದೆ. ಅದು ಕಾಣಿಸದಿದ್ದರೆ ಲಿನಕ್ಸನ್ನು ಎಬ್ಬಿಸುವ ಸಿಸ್ಟಮ್‌ಡಿ 90 ಸೆಕೆಂಡು ಕಾದು ಕೈಚೆಲ್ಲುತ್ತದೆ. ಆ ಸಾಲಿಗೆ ನೋಫೇಲ್ ಎಂದು ಸೇರಿಸಿದರೆ ಡಿಸ್ಕ್ ಇಲ್ಲದೆಯೂ ಮುಂದೆ ಹೋಗುತ್ತದೆ. ಆದರೆ ಇಲ್ಲೊಂದು ಗುಂಡಿ ಇದೆ. ಡಿಸ್ಕ್ ಬಾರದ ದಿನ ಅದರ ಜಾಗದಲ್ಲಿ ಖಾಲಿ ಫೋಲ್ಡರ್ ಇರುತ್ತದೆ, ರೆಕಾರ್ಡಿಂಗ್ ಸದ್ದಿಲ್ಲದೆ ಅದರೊಳಗೇ ಬಿದ್ದು ಒಳಗಿನ ಪುಟ್ಟ ಡಿಸ್ಕನ್ನು ತುಂಬಿಸುತ್ತದೆ. ಡಿಸ್ಕನ್ನು ಬಿಚ್ಚಿಟ್ಟು, ಆ ಖಾಲಿ ಫೋಲ್ಡರ್‌ನೊಳಗೆ ಏನೂ ಬರೆಯಲಾಗದಂತೆ ಚ್ಯಾಟರ್ ಎಂಬ ಲಿನಕ್ಸ್ ಆದೇಶದಿಂದ ಬೀಗ ಹಾಕಿದೆ. ಈಗ ಡಿಸ್ಕ್ ಇಲ್ಲದಿದ್ದರೆ ರೆಕಾರ್ಡಿಂಗ್ ಶುರುವಾಗುವುದೇ ಇಲ್ಲ, ದೋಷದ ಸಂದೇಶ ಬರುತ್ತದೆ.

ಡಯೋಡ್ ಇರುವ ಹಬ್ ಹುಡುಕುವುದು ಬಾಕಿ. ಲಿನಕ್ಸ್ ಸೌಂಡ್ ಕಾರ್ಡ್‌ಗೆ ಕೊಡುವ ಸಂಖ್ಯೆ ಪ್ರತಿ ಬೂಟ್‌ಗೂ ಬದಲಾಗುವುದಕ್ಕೂ ಏನಾದರೂ ಮಾಡಬೇಕು. ನಾಳೆಯಿಂದ ಮತ್ತೆ ಕ್ಯಾಸೆಟ್‌ಗಳು, ಮೊದಲು ಬೂಸ್ಟು ಹಿಡಿದವು.