ಹರಕೆಯೂ ಇರಲಿ, ಡಯಾಲಿಸಿಸೂ ತಪ್ಪದಿರಲಿ

ಡಯಾಲಿಸಿಸ್ ಯೂನಿಟ್ಟಿಗೆ ಹೊಸದಾಗಿ ಸೇರುವ ನರ್ಸುಗಳಿಗೂ ಟೆಕ್ನಿಷಿಯನ್ನರಿಗೂ ಮಿಷನ್ ಪ್ರೈಮ್ ಮಾಡುವುದು, ಸೂಜಿ ಹಾಕುವುದು, ಬಿಪಿ ಬಿದ್ದರೆ ಏನು ಮಾಡಬೇಕು ಎನ್ನುವುದನ್ನೆಲ್ಲ ಹೇಳಿಕೊಡುತ್ತೇವೆ. ಶಿವರಾತ್ರಿಯ ಮರುದಿನ ಏನಾಗುತ್ತದೆ ಎಂದು ಯಾರೂ ಹೇಳಿಕೊಡುವುದಿಲ್ಲ. ಹಬ್ಬದ ದಿನ ಬೆಡ್ಡುಗಳು ಖಾಲಿ, ಮರುದಿನ ರಾತ್ರಿ ಏದುಸಿರು ಬಿಡುತ್ತಾ ಕ್ಯಾಷುವಾಲ್ಟಿಗೆ ಬರುವವರು ಹೆಚ್ಚು. ಇವರಲ್ಲಿ ಯಾರೂ ಚಿಕಿತ್ಸೆ ಬೇಡ ಅಂದವರಲ್ಲ. ವ್ರತವೂ ಮಿಷನ್ನೂ ಒಂದೇ ದಿನ ಬಿತ್ತು, ಕೇಳಿದರೆ ಬೈಯುತ್ತಾರೆಂದು ಹೇಳದೇ ಮಿಷನ್ ಬಿಟ್ಟರು, ಅಷ್ಟೇ.

ಆದ್ದರಿಂದ ಹೊಸ ಪೇಷೆಂಟು ಬಂದ ಮೊದಲ ವಾರವೇ ಕೇಳಬೇಕು: ಯಾವ ವಾರ ಒಪ್ಪತ್ತು? ಏಕಾದಶಿ ಉಂಟೇ? ರೋಜಾ ಇಡುತ್ತೀರಾ? ಮನೆದೇವರ ಜಾತ್ರೆ ಯಾವಾಗ? ಈ ಕಾಯಿಲೆಗೆಂದು ಏನಾದರೂ ಹರಕೆ ಹೊತ್ತಿದ್ದೀರಾ? ಉತ್ತರವನ್ನು ಫೈಲಿನಲ್ಲಿ ಡ್ರೈ ವೇಟಿನ (ಮೈಯಲ್ಲಿ ಹೆಚ್ಚುವರಿ ನೀರಿಲ್ಲದಾಗಿನ ತೂಕ) ಪಕ್ಕದಲ್ಲೇ ಬರೆದಿಡಿ. ಅದೇನೂ ಖಾಸಗಿ ಕುತೂಹಲವಲ್ಲ. ವಾರಕ್ಕೆ ಎರಡೇ ಸಲ, ಸೋಮವಾರ ಮತ್ತು ಗುರುವಾರ ಬರುವವರಿಗೆ ಗುರುವಾರದಿಂದ ಸೋಮವಾರದವರೆಗೆ ನಾಲ್ಕು ದಿನದ ಅಂತರ. ಭಾನುವಾರ ಹಬ್ಬ ಬಂದರೆ ಎಲ್ಲಕ್ಕಿಂತ ಕೆಟ್ಟ ದಿನ ಅದು. ಎರಡು ವಾರ ಮೊದಲೇ ಗೊತ್ತಿದ್ದರೆ ಶಿಫ್ಟ್ ಬದಲಿಸಿ ಶನಿವಾರ ಒಂದು ಜಾಗ ಮಾಡಿಕೊಡಬಹುದು. ಹಿಂದಿನ ದಿನ ಗೊತ್ತಾದರೆ ಏನೂ ಆಗುವುದಿಲ್ಲ.

ಕೇಳುವ ರೀತಿಯಲ್ಲೂ ವ್ಯತ್ಯಾಸವಿದೆ. "ನಿನ್ನೆ ಯಾಕ್ರೀ ಬರ್ಲಿಲ್ಲ?" ಎಂದರೆ ಬಸ್ಸು ಸಿಗಲಿಲ್ಲ ಎನ್ನುತ್ತಾರೆ. "ಪೂಜೆ ಚೆನ್ನಾಗಾಯ್ತಾ ಯಜಮಾನ್ರೇ? ಪ್ರಸಾದಕ್ಕೆ ಏನೇನು ಮಾಡಿಸಿದ್ರಿ?" ಎಂದು ಕೇಳಿ ನೋಡಿ. ಹೆಸರುಬೇಳೆ ಕೋಸಂಬರಿ, ಪಾನಕ, ರಸಾಯನ, ಕೊನೆಗೆ ಎರಡು ಎಳನೀರು ಎಂದು ಪೂರ್ತಿ ಪಟ್ಟಿ ಬರುತ್ತದೆ. ಕೆಟ್ಟ ಕಿಡ್ನಿ ಹೊರಹಾಕಲಾಗದ ಪೊಟ್ಯಾಷಿಯಂ ಇವುಗಳಲ್ಲಿ ಹೆಚ್ಚು. ಕೂಡಲೇ ಇಸಿಜಿ ತೆಗೆದು, ಪೊಟ್ಯಾಷಿಯಂಗೆ ರಕ್ತ ಕಳಿಸಿ.

ಮೈಮೇಲಿನ ವಸ್ತುಗಳಿಂದ ಶುರು ಮಾಡೋಣ. ಫಿಸ್ಟುಲಾ (ಡಯಾಲಿಸಿಸ್ ಸೂಜಿ ಹಾಕಲೆಂದು ಆಪರೇಷನ್ ಮಾಡಿ ರಕ್ತನಾಳಗಳನ್ನು ಜೋಡಿಸಿದ ಜಾಗ) ಇರುವ ಕೈಗೆ ಕಂಕಣ, ತಾಯಿತ, ದೇವಸ್ಥಾನದ ಕೆಂಪು ದಾರ, ಬಿಗಿಯಾದ ಬಳೆ ಯಾವುದೂ ಕೂಡದು. ಮಲಗಿದಾಗ ದಾರ ಒತ್ತಿಕೊಂಡು ರಕ್ತದ ಹರಿವು ನಿಧಾನವಾದರೆ ಫಿಸ್ಟುಲಾ ಹೆಪ್ಪುಗಟ್ಟುತ್ತದೆ. ಆದರೆ ಕತ್ತರಿ ತೆಗೆದುಕೊಂಡು ಟಕ್ಕೆಂದು ಕತ್ತರಿಸಿಬಿಡಬೇಡಿ. ಮನೆಯವರ ಕೈಯಲ್ಲೇ ಬಿಚ್ಚಿಸಿ, ಇನ್ನೊಂದು ಕೈಗೋ ತೋಳಿಗೋ ಸೊಂಟಕ್ಕೋ ಕಟ್ಟಿಸಿ. ದಾರ ಕಸದ ಬುಟ್ಟಿಗೆ ಬಿದ್ದದ್ದನ್ನು ಕಂಡವರಿಗೆ ಮುಂದಿನ ಸಲ ಬಿಪಿ ಬಿದ್ದಾಗ ನೆನಪಾಗುವುದು ಆ ಬುಟ್ಟಿಯೇ. ತೋಳಿಗೆ ವಿಭೂತಿ ಬಳಿದುಕೊಂಡು ಬರುವವರು ಸೂಜಿ ಹಾಕುವ ಮೊದಲು ಆ ಕೈಯನ್ನು ಸೋಪು ಹಚ್ಚಿ ತೊಳೆದುಕೊಳ್ಳಲೇಬೇಕು. ಪುಡಿಯ ಮೇಲೆ ಸ್ಪಿರಿಟ್ ಸವರಿದರೆ ಚರ್ಮ ಶುದ್ಧವಾಗುವುದಿಲ್ಲ. ಹಣೆಯದು ಹಣೆಯಲ್ಲೇ ಇರಲಿ, ಅದಕ್ಕೆ ಯಾರ ತಕರಾರೂ ಇಲ್ಲ.

ಕುತ್ತಿಗೆಯಲ್ಲಿ ಲೈನ್, ಅಂದರೆ ಡಯಾಲಿಸಿಸ್‌ಗೆಂದು ರಕ್ತನಾಳಕ್ಕೆ ಹಾಕಿದ ನಳಿಕೆ, ಇದ್ದವರದು ಬೇರೆ ಕಥೆ. ನಮ್ಮ ಹೆಂಗಸರ ತಾಳಿಸರದಲ್ಲಿ ಮೂರು ನಾಲ್ಕು ಪಿನ್ನು ನೇತಾಡುತ್ತಿರುತ್ತವೆ, ಅವು ಡ್ರೆಸ್ಸಿಂಗಿಗೆ ಸಿಕ್ಕಿಕೊಂಡು ಎಳೆಯುತ್ತವೆ. ತಾಳಿ ತೆಗೆಯಿರಿ ಎಂಬ ಮಾತೇ ಬೇಡ. ಪಿನ್ನು ತೆಗೆಸಿ, ಸರವನ್ನು ಲೈನ್ ಇಲ್ಲದ ಕಡೆಗೆ ಸರಿಸಿ ಗಾಜ್ ಸುತ್ತಿ ಟೇಪು ಹಾಕಿದರೆ ಕೆಲಸ ಮುಗಿಯಿತು. ಇಷ್ಟಲಿಂಗದ ಕರಡಿಗೆ ಕಟ್ಟಿಕೊಂಡವರಿಗೆ ಶಿವದಾರವನ್ನು ಸ್ವಲ್ಪ ಉದ್ದ ಮಾಡಿಸಿಕೊಳ್ಳಲು ಹೇಳಿ, ಗಂಟು ಡ್ರೆಸ್ಸಿಂಗಿನ ಮೇಲೆ ಬರಬಾರದು. ಎಡಗೈಯಲ್ಲಿ ಫಿಸ್ಟುಲಾ ಇದ್ದು, ಅಂಗೈಯಲ್ಲಿ ಲಿಂಗ ಹಿಡಿದು ಪೂಜೆ ಮಾಡುವುದರಿಂದ ಏನೂ ತೊಂದರೆಯಿಲ್ಲ. ತೊಂದರೆ ಬರುವುದು ನೀರಿನಿಂದ. ಡಯಾಲಿಸಿಸ್ ಆದ ಸಂಜೆ ಸೂಜಿಯ ಗಾಯ ಒದ್ದೆಯಾಗಬಾರದು, ಹಾಗಾಗಿ ಆ ದಿನದ ಪೂಜೆ ಬೆಳಿಗ್ಗೆಯೇ ಮುಗಿಯಲಿ. ತಲೆಸ್ನಾನವಿಲ್ಲದೆ ದೇವರ ಮುಂದೆ ಹೇಗೆ ಕೂರುವುದು ಎನ್ನುವ ಕುತ್ತಿಗೆ ಲೈನಿನವರಿಗೆ ಒಂದು ದಾರಿ: ಕುರ್ಚಿಯಲ್ಲಿ ಹಿಂದಕ್ಕೆ ಬಾಗಿ ಇನ್ನೊಬ್ಬರ ಕೈಯಲ್ಲಿ ತಲೆ ತೊಳೆಸಿಕೊಳ್ಳುವುದು, ಕುತ್ತಿಗೆಯಿಂದ ಎದೆಯವರೆಗೆ ಒದ್ದೆ ಬಟ್ಟೆಯಲ್ಲಿ ಒರೆಸಿ ಸೊಂಟದ ಕೆಳಗೆ ಮಾತ್ರ ನೀರು ಹಾಕಿಕೊಳ್ಳುವುದು. ಮಡಿಯ ವಿಷಯದಲ್ಲಿ ಪಟ್ಟು ಹಿಡಿಯುವ ಅಜ್ಜಿಯರಿಗೆ "ಆತುರೇ ನಿಯಮೋ ನಾಸ್ತಿ" (ಕಾಯಿಲೆಯವರಿಗೆ ನಿಯಮವಿಲ್ಲ) ಎಂಬ ಹಳೆಯ ಮಾತು ಗೊತ್ತಿರುತ್ತದೆ. ನಮಗಿಂತ ಅವರ ಪುರೋಹಿತರು ಹೇಳಿದರೆ ಬೇಗ ಒಪ್ಪುತ್ತಾರೆ, ಒಂದು ಫೋನ್ ಮಾಡಿಸಿ.

ಊಟದ ಲೆಕ್ಕದಲ್ಲಿ ಎಡವುವವರೇ ಹೆಚ್ಚು. ತೀರ್ಥ ಸಮಸ್ಯೆಯೇ ಅಲ್ಲ. ಮೂರು ಉದ್ಧರಣೆ ಸೇರಿದರೆ ಹದಿನೈದು ಮಿಲಿ ಆದೀತು, ಪಂಚಾಮೃತ ಒಂದು ಚಮಚವಾದರೆ ಅದಕ್ಕೂ ಅಡ್ಡಿಯಿಲ್ಲ. ಎಳನೀರು ಹಾಗಲ್ಲ. 100 ಮಿಲಿಯಲ್ಲಿ 250 ಮಿಲಿಗ್ರಾಂ ಪೊಟ್ಯಾಷಿಯಂ ಇರುತ್ತದೆ, ಒಂದು ಕಾಯಿಯಲ್ಲಿ 300 ಮಿಲಿ ನೀರೆಂದರೂ 750 ಆಯಿತು. ಡಯಟಿಷಿಯನ್ನರು ಸಾಮಾನ್ಯವಾಗಿ ಇಡೀ ದಿನಕ್ಕೆ ಕೊಡುವ ಮಿತಿ 2000ದ ಆಸುಪಾಸು. ದೊಡ್ಡ ಪಚ್ಚಬಾಳೆ ಒಂದಕ್ಕೆ 400ರ ಹತ್ತಿರ. ಈಗ ಉಪವಾಸದ ತಟ್ಟೆ ನೆನಪಿಸಿಕೊಳ್ಳಿ: ಬಾಳೆಹಣ್ಣು, ಎಳನೀರು, ಖರ್ಜೂರ, ಶೇಂಗಾ, ಆಲೂಗಡ್ಡೆ, ಹಾಲು. ಅನ್ನ ಬಿಟ್ಟು "ಬರೀ ಹಣ್ಣು ತಿಂದೆ" ಎನ್ನುವವರು ಕಿಡ್ನಿಗೆ ಹಬ್ಬದೂಟಕ್ಕಿಂತ ಕೆಟ್ಟದ್ದನ್ನು ತಿಂದಿರುತ್ತಾರೆ. ಹಾಗೆಂದು ಏನೂ ತಿನ್ನದೇ ಇರುವುದೂ ಸಲ್ಲ. ಹೊಟ್ಟೆ ಖಾಲಿಯಿದ್ದಾಗ ಇನ್ಸುಲಿನ್ ಇಳಿಯುತ್ತದೆ, ಜೀವಕೋಶದ ಒಳಗಿದ್ದ ಪೊಟ್ಯಾಷಿಯಂ ರಕ್ತಕ್ಕೆ ಬರುತ್ತದೆ. ನಿರ್ಜಲ ಏಕಾದಶಿ ಮಾಡಿದವರ ರಿಪೋರ್ಟಿನಲ್ಲಿ ಪೊಟ್ಯಾಷಿಯಂ ಏರಿದ್ದರೆ ಕದ್ದು ತಿಂದಿದ್ದಾರೆಂದು ಅನುಮಾನಿಸಬೇಡಿ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಚುಚ್ಚಿಕೊಳ್ಳುವವರಿಗೆ ಇದರ ಮೇಲೆ ಶುಗರ್ ಕುಸಿಯುವ ಭಯ ಬೇರೆ. ಪೊಟ್ಯಾಷಿಯಂ ನೋವು ಕೊಟ್ಟು ಎಚ್ಚರಿಸುವುದಿಲ್ಲ. ಕಾಲು ಸೋತಂತಾಗುತ್ತದೆ, ಆಮೇಲೆ ನೇರವಾಗಿ ಹೃದಯದ ಬಡಿತಕ್ಕೇ ಕೈ ಹಾಕುತ್ತದೆ.

ವ್ರತ ಬಿಡಲೊಲ್ಲೆ ಎನ್ನುವವರಿಗೆ ಕೊಡಬಹುದಾದ ತಟ್ಟೆ: ಸಬ್ಬಕ್ಕಿ ಉಪ್ಪಿಟ್ಟು, ಶೇಂಗಾ ಆಲೂಗಡ್ಡೆ ಎರಡನ್ನೂ ಬಿಟ್ಟು. ಅರ್ಧ ಸೇಬು ಅಥವಾ ಎರಡು ಹೋಳು ಅನಾನಸು. ಔಷಧಿ ಮಾತ್ರ ಹೊತ್ತಿಗೆ ಸರಿಯಾಗಿ. ಇನ್ನೊಂದು ಮಾತು ಒತ್ತಿ ಹೇಳಬೇಕು: ವ್ರತಕ್ಕೆಂದು ಬಳಸುವ ಸೈಂಧವ ಲವಣವೂ ಬಹುಪಾಲು ಸೋಡಿಯಂ ಕ್ಲೋರೈಡೇ. "ಅದು ಉಪ್ಪಲ್ಲ ಸಾರ್" ಎನ್ನುವವರಿಗೆ ತೂಕದ ಮಿಷನ್ ಉತ್ತರ ಕೊಡುತ್ತದೆ. ಒಂಬತ್ತು ಗ್ರಾಂ ಉಪ್ಪು ಒಳಗೆ ಹೋದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಅಂಗಡಿಯ ಲೋ ಸೋಡಿಯಂ ಉಪ್ಪು ಇನ್ನೂ ಅಪಾಯ, ಅದರಲ್ಲಿ ಸೋಡಿಯಂ ಬದಲು ಪೊಟ್ಯಾಷಿಯಂ ತುಂಬಿರುತ್ತದೆ. ಕರಾವಳಿ ಕಡೆಯವರಿಗೆ ಧಾರೆಹುಳಿ (ಸ್ಟಾರ್ ಫ್ರೂಟ್) ಒಂದು ಹೋಳೂ ಬೇಡ. ಕಿಡ್ನಿ ಹೋದವರಲ್ಲಿ ಅದರ ವಿಷ ಮೆದುಳಿಗೇರಿ, ಬಿಡದ ಬಿಕ್ಕಳಿಕೆಯಿಂದ ಶುರುವಾಗಿ ಫಿಟ್ಸ್‌ವರೆಗೆ ಹೋಗುತ್ತದೆ.

ರೋಜಾ ವಿಷಯದಲ್ಲಿ ಕುರಾನಿನ ಎರಡನೇ ಅಧ್ಯಾಯವೇ ಕಾಯಿಲೆಯವರಿಗೆ ವಿನಾಯಿತಿ ಕೊಟ್ಟಿದೆ. ಮತ್ತೆಂದೂ ಇಡಲಾಗದವರು ಒಂದೊಂದು ದಿನಕ್ಕೆ ಒಬ್ಬ ಬಡವರಿಗೆ ಊಟ ಕೊಡುವ ಫಿದ್ಯಾ ಇದೆ. ಇದನ್ನೂ ನಮ್ಮ ಬಾಯಲ್ಲಿ ಹೇಳುವುದಕ್ಕಿಂತ ಅವರ ಮಸೀದಿಯ ಇಮಾಮರಿಂದ ಹೇಳಿಸುವುದು ಮೇಲು. ಮನೆಯವರ ಜೊತೆ ಇಫ್ತಾರಿಗೆ ಕೂರುವವರಿಗೆ ಒಂದು ಖರ್ಜೂರ, ಅಳೆದಿಟ್ಟ ಒಂದು ಲೋಟ ನೀರು.

ಹರಕೆಗಳಿಗೆ ಬರೋಣ. ಮುಡಿ ಕೊಡುವುದಕ್ಕೆ ಅಡ್ಡಿಯಿಲ್ಲ, ಆದರೆ ಡಯಾಲಿಸಿಸ್ ದಿನ ಬೇಡ. ರಕ್ತ ಹೆಪ್ಪುಗಟ್ಟದಂತೆ ಆಗ ಕೊಡುವ ಹೆಪಾರಿನ್ ಔಷಧಿಯ ಪ್ರಭಾವ ಕೆಲವು ಗಂಟೆ ಇರುತ್ತದೆ, ಕ್ಷೌರದ ಸಣ್ಣ ಗೀರೂ ನಿಲ್ಲದೆ ಸುರಿಯುತ್ತದೆ. ಮರುದಿನ ಹೋಗಲಿ, ಹೊಸ ಬ್ಲೇಡು ಹಾಕಿಸಲಿ. ಉರುಳು ಸೇವೆಯಲ್ಲಿ ಫಿಸ್ಟುಲಾ ಕೈ ಮೈಕೆಳಗೆ ಸಿಕ್ಕಿ ನಜ್ಜಾಗುತ್ತದೆ, ಬದಲಿಗೆ ಪ್ರದಕ್ಷಿಣೆ. ಕೊಂಡ ಹಾಯುವುದು, ಬಾಯಿಬೀಗ ಹಾಕಿಸಿಕೊಳ್ಳುವುದು ಎರಡೂ ಬೇಡವೇ ಬೇಡ. ಸಕ್ಕರೆ ಕಾಯಿಲೆಯಿಂದ ಕಿಡ್ನಿ ಹೋದವರ ಅಂಗಾಲು ಎಷ್ಟೋ ಸಲ ಮರಗಟ್ಟಿರುತ್ತದೆ, ಸುಟ್ಟದ್ದೇ ಗೊತ್ತಾಗುವುದಿಲ್ಲ. ಅಂಥ ಹರಕೆಯನ್ನು ಮನೆಯ ಇನ್ನೊಬ್ಬರು ತೀರಿಸಬಹುದೇ ಎಂದು ಊರ ಪೂಜಾರಿಯನ್ನು ಕೇಳಲು ಹೇಳಿ. ತುಲಾಭಾರವಾದರೆ ಧಾರಾಳವಾಗಿ ಮಾಡಿಸಲಿ, ವಾರಕ್ಕೆ ಮೂರು ದಿನ ತೂಕದ ಮಿಷನ್ ಹತ್ತುವವರಿಗೆ ಅದೇನು ಹೊಸದಲ್ಲ.

ಧರ್ಮಸ್ಥಳ, ತಿರುಪತಿ, ವೇಲಾಂಕಣಿ ಎಂದು ಹೊರಡುವವರು ಸೋಮ-ಬುಧ-ಶುಕ್ರದ ಶಿಫ್ಟಿನವರಾದರೆ ಶನಿವಾರ ಹೊರಟು ಭಾನುವಾರ ರಾತ್ರಿಗೆ ಮನೆ ಸೇರಬೇಕು. ಅದಕ್ಕೂ ಹೆಚ್ಚು ದಿನವಾದರೆ ಹೋದ ಊರಲ್ಲೇ ಡಯಾಲಿಸಿಸ್ ಗೊತ್ತು ಮಾಡಬೇಕು. ಜೊತೆಗೆ ಕೊಟ್ಟು ಕಳಿಸಬೇಕಾದದ್ದು: ಕಳೆದ ಮೂರು ಸಲದ ಚಾರ್ಟ್, ಡ್ರೈ ವೇಟ್, ಹೆಪಾರಿನ್ ಪ್ರಮಾಣ, ಹೆಪಟೈಟಿಸ್ ಬಿ, ಸಿ ಮತ್ತು ಎಚ್‌ಐವಿಯ ಇತ್ತೀಚಿನ ರಿಪೋರ್ಟ್. ರಿಪೋರ್ಟ್ ಹಳೆಯದಾಗಿದ್ದರೆ ಅಲ್ಲಿ ಮಿಷನ್ ಕೊಡದೇ ಇರಬಹುದು, ಹೊರಡುವ ಮೊದಲೇ ಫೋನ್ ಮಾಡಿ ಕೇಳಿ.

ಇನ್ನು ಎಲ್ಲಕ್ಕಿಂತ ಸೂಕ್ಷ್ಮವಾದ ಪ್ರಶ್ನೆ. "ಪಕ್ಕದೂರಲ್ಲಿ ಒಬ್ರಿಗೆ ಹರಕೆ ಹೊತ್ತ ಮೇಲೆ ಡಯಾಲಿಸಿಸ್ಸೇ ನಿಂತುಹೋಯ್ತಂತೆ, ನಮಗೂ ನಿಲ್ಲುತ್ತಾ?" ಸುಳ್ಳು ಎಂದು ತಳ್ಳಿಹಾಕಬೇಡಿ, ಅದು ನಿಜವೇ ಇರಬಹುದು. ಹಾವು ಕಡಿತ, ಇಲಿಜ್ವರ, ವಿಪರೀತ ವಾಂತಿಭೇದಿಯಿಂದ ಹಠಾತ್ತನೆ ಕೆಟ್ಟ ಕಿಡ್ನಿ ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುವುದುಂಟು. ವರ್ಷಗಟ್ಟಲೆ ಸಕ್ಕರೆ, ಬಿಪಿಯಿಂದ ಸವೆದು ಚಿಕ್ಕದಾದ ಕಿಡ್ನಿ ಹಾಗೆ ಮರಳುವುದಿಲ್ಲ. ಈ ಎರಡರ ಫರಕನ್ನು ಸ್ಕ್ಯಾನ್ ರಿಪೋರ್ಟ್ ಇಟ್ಟುಕೊಂಡು ಡಾಕ್ಟರ ಮುಂದೆಯೇ ಬಿಡಿಸಿ ಹೇಳಿಸಬೇಕು. ಹೇಳದಿದ್ದರೆ ಹರಕೆ ಹೊತ್ತು ಮಿಷನ್ ನಿಲ್ಲಿಸಿ ಪರೀಕ್ಷೆ ಮಾಡುವವರಿರುತ್ತಾರೆ. ಹೇಳಿದ ಮೇಲೆ ರಾಜ್ಯದ ಅಂಗದಾನ ಸಂಸ್ಥೆಯಾದ ಜೀವಸಾರ್ಥಕತೆಯಲ್ಲಿ ಕಿಡ್ನಿ ಕಸಿಗೆ ಹೆಸರು ನೋಂದಾಯಿಸುವ ಮಾತೆತ್ತಿ. ಕಾಯುವುದಕ್ಕೆ ಒಂದು ನಿಜವಾದ ಕಾರಣ ಸಿಗುತ್ತದೆ.

"ಪಾಸಿಟಿವ್ ಆಗಿರಿ, ಏನೂ ಆಗಲ್ಲ" ಎಂಬ ಮಾತನ್ನು ಯೂನಿಟ್ಟಿನೊಳಗೆ ಆಡಬಾರದೆಂದು ನಮ್ಮ ಅಭಿಪ್ರಾಯ. ನಾಲ್ಕು ಗಂಟೆ ಸೂಜಿ ಚುಚ್ಚಿಸಿಕೊಂಡು ಮಲಗಿದವರಿಗೆ ಏನೋ ಆಗಿದೆ ಎಂದು ಚೆನ್ನಾಗಿ ಗೊತ್ತಿರುತ್ತದೆ. ಆ ಮಾತು ಕೇಳಿದವರು ಅಳುವುದನ್ನು ನಮ್ಮ ಮುಂದೆ ನಿಲ್ಲಿಸುತ್ತಾರೆ, ಮನೆಯಲ್ಲಿ ಅಳುತ್ತಾರೆ. ಅದರ ಬದಲು ಕಣ್ಣಿಗೆ ಕಾಣುವುದನ್ನು ಹೇಳಿ. "ಈ ಸಲ ಎರಡು ಕೆಜಿ ಒಳಗೇ ನೀರು ಏರಿಸಿಕೊಂಡು ಬಂದಿದ್ದೀರಲ್ಲಮ್ಮಾ, ಇವತ್ತು ಕಾಲು ಸೆಳೆಯಲ್ಲ ನೋಡಿ." "ಹಿಮೋಗ್ಲೋಬಿನ್ ಎಂಟರಿಂದ ಹತ್ತಾಗಿದೆ ಅಣ್ಣಾ, ಮೆಟ್ಟಿಲು ಹತ್ತಿದಾಗ ಗೊತ್ತಾಗಿರಬೇಕು." ಮಗಳ ಮದುವೆಗೆ ಧಾರೆ ಎರೆಯಬೇಕು ಎಂದರೆ ಮುಹೂರ್ತ ಕೇಳಿ, ಹಿಂದಿನ ದಿನಕ್ಕೆ ಮಿಷನ್ ಬರೆದಿಡಿ.

ಡಯಾಲಿಸಿಸ್ ಮಾಡಿಸಿಕೊಳ್ಳುವವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಖಿನ್ನತೆ ಇರುತ್ತದೆ. ಸುಸ್ತು, ನಿದ್ದೆಗೇಡು, ಊಟ ಸೇರದಿರುವುದು ಕಿಡ್ನಿ ಕಾಯಿಲೆಯಲ್ಲೂ ಇರುವುದರಿಂದ ಕಣ್ತಪ್ಪುತ್ತದೆ. ಎರಡು ಪ್ರಶ್ನೆ ಕೇಳಿ: ಈ ಹದಿನೈದು ದಿನದಲ್ಲಿ ಯಾವುದರಲ್ಲೂ ಆಸಕ್ತಿ ಇಲ್ಲ ಅನ್ನಿಸಿತ್ತಾ? ಮನಸ್ಸು ಕುಗ್ಗಿತ್ತಾ? ನಂಬಿಕೆಯುಳ್ಳವರಲ್ಲಿ ಇನ್ನೊಂದು ಗುರುತು, ದಿನಾ ತಪ್ಪದೆ ದೀಪ ಹಚ್ಚುತ್ತಿದ್ದವರು ಹಚ್ಚುವುದನ್ನು ಬಿಟ್ಟಿರುತ್ತಾರೆ. "ದೇವರು ನನ್ನ ಕೈಬಿಟ್ಟ" ಎಂದವರಿಗೆ ದೇವರ ಪರವಾಗಿ ವಾದಿಸಬೇಡಿ. ಕೂತು ಕೇಳಿ, ಡಾಕ್ಟರಿಗೆ ತಿಳಿಸಿ. ಟೆಲಿ ಮಾನಸ್‌ನ 14416ಕ್ಕೆ ದುಡ್ಡಿಲ್ಲದೆ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ದೀಪದ ಮಾತು ಬಂದದ್ದಕ್ಕೆ: ಯೂನಿಟ್ಟಿನಲ್ಲಿ ಊದುಬತ್ತಿ, ಕರ್ಪೂರ ಕೂಡದು, ಆಕ್ಸಿಜನ್ ಇರುತ್ತದೆ. ಮನೆಯಲ್ಲಾದರೆ ದೀಪ ಹಚ್ಚುವ ಮುನ್ನ ಮೂರು ಬೆರಳನ್ನು ಫಿಸ್ಟುಲಾ ಮೇಲಿಟ್ಟು ಝುಂ ಎನ್ನುವ ಕಂಪನ ಇದೆಯೇ ನೋಡುವ ಅಭ್ಯಾಸ ಮಾಡಿಸಿ. ಔಷಧಿ ಮರೆಯುವವರೂ ದೀಪ ಮರೆಯುವುದಿಲ್ಲ. ಕಂಪನ ನಿಂತಿದ್ದರೆ ಸಂಜೆವರೆಗೆ ಕಾಯದೆ ಆಗಲೇ ಫೋನ್ ಮಾಡಬೇಕು.

ಜಪ ಮಾಡುವವರಿಗೆ ಮೊದಲ ಎರಡು ಗಂಟೆ ಒಳ್ಳೆಯದು, ಬಿಪಿ ಇಳಿಯುವುದು, ಕಾಲು ಸೆಳೆಯುವುದು ಹೆಚ್ಚಾಗಿ ಆಮೇಲೆ. ಮಾಲೆ ಸೂಜಿಯಿಲ್ಲದ ಕೈಯಲ್ಲಿರಲಿ. ಜಪ ನಿಜವಾಗಿ ಕೆಲಸಕ್ಕೆ ಬರುವುದು ಕೊನೆಯಲ್ಲಿ, ಸೂಜಿ ತೆಗೆದಾಗ. ಗಾಜ್ ಇಟ್ಟು ಎರಡು ಬೆರಳಲ್ಲಿ ಹತ್ತರಿಂದ ಹದಿನೈದು ನಿಮಿಷ ಒತ್ತಿ ಹಿಡಿಯಬೇಕು. ಎರಡೆರಡು ನಿಮಿಷಕ್ಕೆ ಎತ್ತಿ ನೋಡುವವರಿಗೆ ರಕ್ತ ನಿಲ್ಲುವುದೇ ಇಲ್ಲ, ಕಟ್ಟಿದ ಹೆಪ್ಪು ಪ್ರತಿ ಸಲ ಕಿತ್ತುಬರುತ್ತದೆ. ಗಡಿಯಾರ ನೋಡಿ ಎಂದರೆ ಕೇಳದವರು ನಿಧಾನವಾಗಿ ನೂರೆಂಟು ಹೇಳಿ ಎಂದರೆ ಕೇಳುತ್ತಾರೆ. ಒಂದು ಸುತ್ತಿಗೆ ಏಳು ನಿಮಿಷದ ಹತ್ತಿರ ಬೇಕು. ಎರಡೂ ಕೈ ಕೆಲಸದಲ್ಲಿರುವುದರಿಂದ ಮಣಿ ತಿರುಗಿಸುವುದು ಜೊತೆಗೆ ಬಂದ ಮಗನದೋ ಸೊಸೆಯದೋ ಕೆಲಸ. ಎರಡು ಸುತ್ತು ಮುಗಿಯುವವರೆಗೆ ಗಾಜ್ ಎತ್ತಬಾರದು.