ತಾತ್ಕಾಲಿಕ ಫೈಲಿಗೆ ಹೆಸರು ನೀವು ಇಡಬೇಡಿ

ಕೋಡ್ ರಿವ್ಯೂಗೆ ಬರುವ ಶೆಲ್ ಸ್ಕ್ರಿಪ್ಟುಗಳಲ್ಲಿ ಮತ್ತೆ ಮತ್ತೆ ಕಾಣುವ ಸಾಲೊಂದಿದೆ: ಟೆಂಪ್ ಡೈರೆಕ್ಟರಿಯಲ್ಲಿ ‘ರಿಪೋರ್ಟ್’ ಅಂತ ಒಂದು ಹೆಸರು, ಅದರ ಬಾಲಕ್ಕೆ ಪ್ರೊಸೆಸ್ ಐಡಿ, ಅಂದರೆ ಓಡುತ್ತಿರುವ ಪ್ರೋಗ್ರಾಮಿಗೆ ಸಿಸ್ಟಮ್ ಕೊಡುವ ನಂಬರ್. ಒಂದೇ ಹೊತ್ತಿಗೆ ಎರಡು ಪ್ರೊಸೆಸ್‌ಗೆ ಒಂದೇ ಐಡಿ ಇರಲ್ಲ, ಹಾಗಾಗಿ ಹೆಸರು ಡಿಕ್ಕಿ ಹೊಡೆಯಲ್ಲ ಅನ್ನೋದು ಬರೆದವರ ಲೆಕ್ಕ. ಒಂದೇ ಮಷಿನ್ನಿನಲ್ಲಿ ಅದು ಸರಿ. ಆದರೆ ಕಂಟೇನರಿನೊಳಗೆ, ಅಂದರೆ ಪ್ರೋಗ್ರಾಮನ್ನು ಉಳಿದವುಗಳಿಂದ ಬೇರ್ಪಡಿಸಿ ಓಡಿಸುವ ಪೆಟ್ಟಿಗೆಯೊಳಗೆ, ಮುಖ್ಯ ಪ್ರೊಸೆಸ್‌ಗೆ ಸಾಮಾನ್ಯವಾಗಿ ಸಿಗುವ ಐಡಿ 1. ಹತ್ತು ಕಂಟೇನರ್ ಎಬ್ಬಿಸಿ ಹತ್ತಕ್ಕೂ ಒಂದೇ ಟೆಂಪ್ ವಾಲ್ಯೂಮ್ (ಹಂಚಿಕೊಂಡ ಡಿಸ್ಕ್ ಜಾಗ) ಮೌಂಟ್ ಮಾಡಿದರೆ, ಹತ್ತೂ ‘ರಿಪೋರ್ಟ್-1’ರ ಮೇಲೆಯೇ ಬರೆಯುತ್ತವೆ. ಎರರ್ ಏನೂ ಬರಲ್ಲ. ಒಬ್ಬ ಗ್ರಾಹಕರ ರಿಪೋರ್ಟಿನಲ್ಲಿ ಇನ್ನೊಬ್ಬರ ಸಾಲುಗಳು ಇರುತ್ತವೆ, ಅಷ್ಟೆ.

ಐಡಿ ಬದಲು ತಾರೀಕು, ಗಂಟೆ, ಸೆಕೆಂಡ್ ಸೇರಿಸುವುದು ಇನ್ನೂ ಕೆಟ್ಟ ಉಪಾಯ. ಕ್ರಾನ್ ಜಾಬುಗಳೆಲ್ಲ (ಗೊತ್ತು ಮಾಡಿದ ಹೊತ್ತಿಗೆ ತಾವಾಗಿ ಓಡುವ ಕೆಲಸಗಳು) ನಿಮಿಷದ ಮೊದಲ ಸೆಕೆಂಡಿಗೇ ಒಟ್ಟಿಗೆ ಏಳುತ್ತವೆ.

ಊಹಿಸಬಲ್ಲ ಹೆಸರಿಗೆ ಇನ್ನೊಂದು ತೊಂದರೆಯೂ ಇದೆ. ಯುನಿಕ್ಸ್‌ನಲ್ಲಿ ಟೆಂಪ್ ಡೈರೆಕ್ಟರಿಯ ಪರ್ಮಿಶನ್ 1777. ಯಾರು ಬೇಕಾದರೂ ಫೈಲ್ ಹುಟ್ಟಿಸಬಹುದು. ಮೊದಲಿನ ಆ 1, ಅಂದರೆ ಸ್ಟಿಕಿ ಬಿಟ್, ಬೇರೆಯವರ ಫೈಲನ್ನು ಅಳಿಸದಂತೆ ಮಾತ್ರ ತಡೆಯುತ್ತದೆ. ನೀವು ಇಡಲಿರುವ ಹೆಸರಿನಲ್ಲಿ ಮೊದಲೇ ಒಂದು ಸಿಂಬಾಲಿಕ್ ಲಿಂಕ್ (ಬೇರೆ ಫೈಲಿನತ್ತ ಬೊಟ್ಟು ಮಾಡುವ ಹೆಸರು) ಇಟ್ಟು ಕಾಯುವುದನ್ನು ತಡೆಯಲ್ಲ. ರೂಟ್ ಹಕ್ಕಿನಲ್ಲಿ, ಅಂದರೆ ಸಿಸ್ಟಮ್ ಮೇಲೆ ಎಲ್ಲ ಅಧಿಕಾರದೊಂದಿಗೆ, ಓಡುವ ಸ್ಕ್ರಿಪ್ಟ್ ಆ ಲಿಂಕ್ ಹಿಡಿದು ಹೋಗಿ ಪಾಸ್‌ವರ್ಡ್ ಫೈಲನ್ನೇ ಅಳಿಸಿ ಬರೆಯಬಹುದು. ಲಿನಕ್ಸ್ 3.6ರಿಂದ ಕರ್ನಲ್‌ನಲ್ಲಿ ಇದಕ್ಕೊಂದು ತಡೆ ಇದೆ, ಆದರೆ ಅದು ಸೆಟ್ಟಿಂಗ್. ಆನ್ ಆಗಿದ್ದರೆ ಮಾತ್ರ ಕೆಲಸ ಮಾಡುತ್ತದೆ.

‘ಹೆಸರು ಇದೆಯಾ ಅಂತ ಮೊದಲು ಚೆಕ್ ಮಾಡಿಯೇ ತೆರೀತೀವಲ್ಲ’ ಅನ್ನುವ ಉತ್ತರ ಸಾಲದು. ಚೆಕ್ ಮಾಡಿದ ಗಳಿಗೆಗೂ ತೆರೆಯುವ ಗಳಿಗೆಗೂ ನಡುವೆ ಸಂದು ಉಳಿಯುತ್ತದೆ. ಹೆಸರು ಹುಡುಕುವುದು, ಫೈಲ್ ಹುಟ್ಟಿಸುವುದು ಎರಡೂ ಒಂದೇ ಏಟಿಗೆ ಆಗಬೇಕು. ಸಿ ಭಾಷೆಯ ‘ಎಂಕೆಟೆಂಪ್’ ಬರೀ ಹೆಸರು ಕೊಟ್ಟು ಕೈತೊಳೆದುಕೊಳ್ಳುತ್ತಿತ್ತು. ಅದಕ್ಕೇ ಯುನಿಕ್ಸ್ ಬಗೆಯ ಸಿಸ್ಟಮ್‌ಗಳ ಮಾನದಂಡವಾದ ಪೊಸಿಕ್ಸ್‌ನ 2008ರ ಆವೃತ್ತಿ ಅದನ್ನು ಕೈಬಿಟ್ಟಿತು. ಪೈಥಾನ್ ಕೂಡ ತನ್ನ ‘ಎಂಕೆಟೆಂಪ್’ ಬಳಸಬೇಡಿ ಅಂತ 2.3ರಿಂದಲೂ ಹೇಳುತ್ತಿದೆ. ಗೊಂದಲ ಏನೆಂದರೆ, ಶೆಲ್‌ನಲ್ಲಿ ಇದೇ ಹೆಸರಿನ ಕಮಾಂಡ್ ಫೈಲನ್ನು ಹುಟ್ಟಿಸಿಯೇ ಹೆಸರು ಹೇಳುತ್ತದೆ. ಅದನ್ನು ಧಾರಾಳವಾಗಿ ಬಳಸಿ.

ಸಿ ಬರೆಯುವವರಿಗೆ ಬೇಕಾದ್ದು ನಡುವೆ ಒಂದು ‘ಎಸ್’ ಸೇರಿದ ‘ಎಂಕೆಎಸ್‌ಟೆಂಪ್’. ಕೊನೆಯಲ್ಲಿ ಆರು ಎಕ್ಸ್ ಇರುವ ಟೆಂಪ್ಲೇಟ್ ಕೊಟ್ಟರೆ ಆ ಜಾಗದಲ್ಲಿ ಅಕ್ಷರಗಳನ್ನು ತುಂಬಿ, ಹೆಸರು ಮೊದಲೇ ಇದ್ದರೆ ಫೇಲ್ ಆಗುವ ಫ್ಲ್ಯಾಗ್ ಹಾಕಿ ತೆರೆದು, 0600 ಪರ್ಮಿಶನ್‌ನ (ಮಾಲೀಕರಷ್ಟೇ ಓದಿ ಬರೆಯಬಲ್ಲ) ಫೈಲಿನ ಡಿಸ್ಕ್ರಿಪ್ಟರ್, ಅಂದರೆ ತೆರೆದ ಫೈಲನ್ನು ಗುರುತಿಸುವ ನಂಬರ್, ಕೈಗೆ ಕೊಡುತ್ತದೆ. ಟೆಂಪ್ಲೇಟನ್ನು ಸ್ಟ್ರಿಂಗ್ ಲಿಟರಲ್ ಆಗಿ (ಕೋಡಿನಲ್ಲೇ ಉದ್ಧರಣ ಚಿಹ್ನೆಯೊಳಗೆ ಬರೆದು) ಕೊಡಬೇಡಿ. ಫಂಕ್ಷನ್ ಆ ಎಕ್ಸ್‌ಗಳ ಮೇಲೆಯೇ ಬರೆಯುತ್ತದೆ, ಲಿಟರಲ್ ಇರುವುದು ಓದಲಷ್ಟೇ ಬರುವ ಮೆಮೊರಿಯಲ್ಲಿ. ಸಾಮಾನ್ಯವಾಗಿ ಸೆಗ್ಮೆಂಟೇಶನ್ ಫಾಲ್ಟ್ ಬಂದು ಪ್ರೋಗ್ರಾಮ್ ಸಾಯುತ್ತದೆ. ಸಿಕ್ಕ ಡಿಸ್ಕ್ರಿಪ್ಟರನ್ನೇ ಬಳಸಿ. ಅದನ್ನು ಮುಚ್ಚಿ ಹೆಸರಿನಿಂದ ಮತ್ತೆ ತೆರೆದರೆ ಮುಚ್ಚಿದ ಸಂದನ್ನು ಮತ್ತೆ ತೆರೆದಂತೆ. ಹಲವು ಫೈಲ್ ಬೇಕಿದ್ದರೆ ‘ಎಂಕೆಡಿಟೆಂಪ್’ನಿಂದ 0700ರ, ಅಂದರೆ ಮಾಲೀಕರಷ್ಟೇ ಒಳಹೋಗಬಲ್ಲ, ಒಂದು ಡೈರೆಕ್ಟರಿ ಮಾಡಿಕೊಂಡು, ಒಳಗೆ ಇಷ್ಟ ಬಂದ ಹೆಸರಿಡಿ. ನನ್ನ ಮಟ್ಟಿಗೆ ಒಂದೇ ಫೈಲಿದ್ದರೂ ಇದೇ ವಾಸಿ, ಅಳಿಸುವುದು ಸಲೀಸು.

ಪ್ರೊಡಕ್ಷನ್‌ನಲ್ಲಿ ಹೆಚ್ಚು ಕಾಡುವುದು ಕೊನೆಯ ಹೆಜ್ಜೆ: ತಾತ್ಕಾಲಿಕ ಫೈಲನ್ನು ಅಸಲಿ ಹೆಸರಿಗೆ ಬದಲಿಸುವುದು. ರಿನೇಮ್ ಒಂದೇ ಏಟಿಗೆ ಆಗುತ್ತದೆ, ಓದುವವರಿಗೆ ಹಳೆಯದು ಇಲ್ಲವೇ ಹೊಸದು ಸಿಗುತ್ತದೆ, ಅರ್ಧಂಬರ್ಧ ಸಿಗಲ್ಲ. ಆದರೆ ಇದು ಒಂದೇ ಫೈಲ್ ಸಿಸ್ಟಮ್‌ನೊಳಗಿನ ಮಾತು. ಟೆಂಪ್ ಒಂದು ಡಿಸ್ಕ್, ಡೇಟಾ ಇನ್ನೊಂದು ಡಿಸ್ಕ್ ಆಗಿದ್ದರೆ ರಿನೇಮ್ ಮಾಡುವ ಸಿಸ್ಟಮ್ ಕಾಲ್ (ಕರ್ನಲ್‌ಗೆ ಮಾಡುವ ಕರೆ) ಎರರ್ ಕೊಡುತ್ತದೆ. ಫೈಲ್ ಸ್ಥಳಾಂತರಿಸುವ ‘ಎಂವಿ’ ಕಮಾಂಡ್ ಮಾತ್ರ ಏನೂ ಹೇಳದೆ ಕಾಪಿ ಮಾಡತೊಡಗುತ್ತದೆ. ಅಷ್ಟರಲ್ಲಿ ಓದಲು ಬಂದ ಪ್ರೋಗ್ರಾಮಿಗೆ ಅರ್ಧ ಫೈಲ್. ಆದ್ದರಿಂದ ಈ ಬಗೆಯ ಫೈಲನ್ನು ಟೆಂಪ್‌ನಲ್ಲಿ ಹುಟ್ಟಿಸಬೇಡಿ. ಅದು ಸೇರಬೇಕಾದ ಡೈರೆಕ್ಟರಿಯಲ್ಲೇ, ಚುಕ್ಕಿಯಿಂದ ಶುರುವಾಗುವ ಹೆಸರಿನಲ್ಲಿ ಹುಟ್ಟಿಸಿ. ಬರೆದಾದ ಮೇಲೆ ಎಫ್‌ಸಿಂಕ್ (ಮೆಮೊರಿಯಲ್ಲಿರುವ ಡೇಟಾವನ್ನು ಡಿಸ್ಕಿಗೆ ಇಳಿಸುವ ಕರೆ), ಆಮೇಲೆ ರಿನೇಮ್. ಎಫ್‌ಸಿಂಕ್ ಬಿಟ್ಟರೆ ಕರೆಂಟ್ ಹೋದಾಗ ಸೊನ್ನೆ ಬೈಟಿನ ಫೈಲ್ ಸಿಗಬಹುದು. ಇನ್ನು ಆ 0600 ರಿನೇಮ್ ಆದರೂ ಬದಲಾಗಲ್ಲ. ವೆಬ್ ಸರ್ವರ್ ಬೇರೆ ಯೂಸರ್ ಆಗಿ ಓಡುತ್ತಿದ್ದರೆ 403 (ಅನುಮತಿ ಇಲ್ಲ ಅನ್ನುವ ಎರರ್) ಕಾಣುತ್ತದೆ, ಎಲ್ಲರೂ ಸರ್ವರ್ ಕಾನ್ಫಿಗ್ ಕೆದಕುತ್ತಾ ಕೂರುತ್ತಾರೆ. ರಿನೇಮ್‌ಗೆ ಮೊದಲೇ ಪರ್ಮಿಶನ್ ಬದಲಿಸಿ.

ಅಳಿಸುವ ವಿಷಯಕ್ಕೆ ಬಂದರೆ, ಶೆಲ್‌ನಲ್ಲಿ ಎಕ್ಸಿಟ್ ಟ್ರ್ಯಾಪ್ (ಸ್ಕ್ರಿಪ್ಟ್ ಮುಗಿಯುವಾಗ ಓಡುವ ಕಮಾಂಡ್) ಸಾಕು ಅನ್ನುವುದು ಬ್ಯಾಶ್ ಶೆಲ್‌ನ ಅಭ್ಯಾಸ. ಡ್ಯಾಶ್ ಅನ್ನುವ ಇನ್ನೊಂದು ಶೆಲ್‌ನಲ್ಲಿ ಸಿಗ್ನಲ್ ಬಿದ್ದು ಸತ್ತರೆ ಆ ಟ್ರ್ಯಾಪ್ ಓಡಲ್ಲ, ಇಂಟ್ ಮತ್ತು ಟರ್ಮ್ ಸಿಗ್ನಲ್‌ಗಳಿಗೂ ಬೇರೆ ಬರೆಯಬೇಕು. ತಕ್ಷಣ ಕೊಲ್ಲುವ ಕಿಲ್ -9ಕ್ಕೆ ಯಾವುದೂ ನಡೆಯಲ್ಲ. ಫೈಲಿನ ಹೆಸರು ಬೇರೆ ಯಾರಿಗೂ ಬೇಡವಾದರೆ, ತೆರೆದ ಕೂಡಲೇ ಅಳಿಸಿಬಿಡಿ. ಡಿಸ್ಕ್ರಿಪ್ಟರ್ ಮುಚ್ಚುವ ತನಕ ಡೇಟಾ ಇರುತ್ತದೆ, ಪ್ರೊಸೆಸ್ ಹೇಗೆ ಸತ್ತರೂ ಜಾಗ ಬಿಡುಗಡೆ ಆಗುತ್ತದೆ. ಆದರೆ ಡಿಸ್ಕ್ ತುಂಬಿದೆ ಅಂತ ಡಿಸ್ಕಿನ ಲೆಕ್ಕ ಹೇಳುವ ‘ಡಿಎಫ್’ ಹೇಳಿ, ಫೈಲುಗಳ ಗಾತ್ರ ಕೂಡಿ ಹೇಳುವ ‘ಡಿಯು’ ಇಲ್ಲ ಅಂದರೆ ಇಂಥ ಫೈಲೇ ಕಾರಣವಿರಬಹುದು: ಅಳಿಸಿದರೂ ತೆರೆದೇ ಇರುವ ಫೈಲುಗಳನ್ನು ತೋರಿಸುವ ‘ಎಲ್‌ಎಸ್‌ಓಎಫ್ +ಎಲ್1’ ಕೊಟ್ಟು ನೋಡಿ. ಹಲವು ಲಿನಕ್ಸ್‌ಗಳಲ್ಲಿ ಸರ್ವಿಸ್‌ಗಳನ್ನು ನೋಡಿಕೊಳ್ಳುವ ಸಿಸ್ಟಮ್‌ಡಿ ತನ್ನ ಮೂಲ ಸೆಟ್ಟಿಂಗಿನಲ್ಲಿ ಟೆಂಪ್ ಡೈರೆಕ್ಟರಿಯಲ್ಲಿ 10 ದಿನ, ವಾರ್ (/var) ಡೈರೆಕ್ಟರಿಯ ಕೆಳಗಿನ ಟೆಂಪ್‌ನಲ್ಲಿ 30 ದಿನ ಮುಟ್ಟದೆ ಬಿದ್ದ ಫೈಲುಗಳನ್ನು ಗುಡಿಸುತ್ತದೆ. ವಾರಗಟ್ಟಲೆ ಓಡುವ ಜಾಬು ತನ್ನ ಫೈಲ್ ಅಲ್ಲೇ ಇರುತ್ತದೆ ಅಂತ ನಂಬಿ ಕೂರುವಂತಿಲ್ಲ.

ವಿಂಡೋಸ್‌ನಲ್ಲಿ ಕತೆ ಬೇರೆ. ಅಲ್ಲಿನ ‘ಗೆಟ್‌ಟೆಂಪ್‌ಫೈಲ್‌ನೇಮ್’ ಒಂದು ಪ್ರಿಫಿಕ್ಸ್‌ಗೆ (ಹೆಸರಿನ ಮೊದಲ ಅಕ್ಷರಗಳಿಗೆ) ಒಂದು ಡೈರೆಕ್ಟರಿಯಲ್ಲಿ 65,535 ಹೆಸರು ಮಾತ್ರ ಕೊಡಬಲ್ಲದು. ಅಳಿಸದೆ ಬಿಡುವ ಸರ್ವಿಸ್ ತಿಂಗಳುಗಟ್ಟಲೆ ಚೆನ್ನಾಗಿ ಓಡಿ, ಒಂದು ದಿನ ‘ಫೈಲ್ ಮೊದಲೇ ಇದೆ’ ಅಂತ ನಿಲ್ಲುತ್ತದೆ. ಡಿಸ್ಕಿನಲ್ಲಿ ಜಾಗ ಬೇಕಾದಷ್ಟು ಉಳಿದೇ ಇರುತ್ತದೆ.