ಅರಾಕಿಡೋನಿಕ್ ಆಸಿಡ್ ಕಾಲಂ ನೋಡಿಯೂ ಸುಮ್ಮನಿದ್ದೆ

ಅವತ್ತು ಕ್ಲೈಂಟ್ ಕಾಲ್ ಶುರುವಾದದ್ದು ಸಂಜೆ ಆರೂವರೆಗೆ. ಅವರ ಕಡೆ ನಾಲ್ಕು ಜನ. ನಮ್ಮ ಕಡೆ ನಾನು, ಮ್ಯಾನೇಜರ್, ಪ್ರಾಜೆಕ್ಟ್ ಲೀಡ್. ಅವರ ಔಷಧದ ಮಾಲಿಕ್ಯೂಲ್ ಒಂದನ್ನು ನಮ್ಮ ಲ್ಯಾಬ್ ಇಲಿಗಳಲ್ಲಿ ಪರೀಕ್ಷಿಸುತ್ತಿತ್ತು. ಸ್ಲೈಡ್ ಮೇಲೆ ಎರಡೇ ಬಾರ್. ಒಂದು ವೆಹಿಕಲ್ ಗ್ರೂಪ್, ಅಂದರೆ ಔಷಧವಿಲ್ಲದ ಬರೀ ದ್ರಾವಣ ಕೊಟ್ಟ ಇಲಿಗಳದ್ದು; ಇನ್ನೊಂದು ಮಾಲಿಕ್ಯೂಲ್ ಕೊಟ್ಟ ಇಲಿಗಳದ್ದು. ಎರಡನೆಯದರಲ್ಲಿ 2-ಎಜಿ ಎಂಬ ಮೆದುಳಿನ ಕೊಬ್ಬು ಮೂರು ಪಟ್ಟು. ನಾನೇ ಬಾಯಿಬಿಟ್ಟು ಹೇಳಿದೆ: ಮಾಲಿಕ್ಯೂಲ್ ಮೆದುಳಿಗೆ ಹೋಗುತ್ತಿದೆ, 2-ಎಜಿ ಒಡೆಯುವ ಮ್ಯಾಗಲ್ ಕಿಣ್ವ ನಿಂತಿದೆ ಅಂತ. ಆ ಮಾತು ನೆನಪಾದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

2-ಎಜಿ ಅಂದರೆ ನರಕೋಶ ಬೇಕೆಂದಾಗ ತಯಾರಿಸಿ ಬಿಡುವ ಒಂದು ಕೊಬ್ಬು. ಸಂದೇಶ ಬಂದ ಕಡೆಗೇ ಹಿಂದಿರುಗಿ ಹೋಗಿ, ಸಾಕು, ಸ್ವಲ್ಪ ನಿಧಾನ ಅನ್ನುತ್ತದೆ. ಹೇಳಿದ ಮೇಲೆ ಅದು ಅಳಿಯಲೇಬೇಕು. ಇಲಿಯ ಮೆದುಳಿನಲ್ಲಿ ಈ ಅಳಿಸುವ ಕೆಲಸದ ಸುಮಾರು 85 ಶೇಕಡಾ ಮ್ಯಾಗಲ್ ಎಂಬ ಕಿಣ್ವದ್ದು. ಉಳಿದದ್ದರಲ್ಲಿ ಹೆಚ್ಚಿನದು ಎಬಿಎಚ್‌ಡಿ6 ಮತ್ತು ಎಬಿಎಚ್‌ಡಿ12 ಎಂಬ ಇನ್ನೆರಡು ಕಿಣ್ವಗಳ ಪಾಲಿಗೆ. ಇದೇ ಬಳಗದ ಇನ್ನೊಂದು ಸಂದೇಶ ಆನಂದಮೈಡ್. 1992ರಲ್ಲಿ ಜೆರುಸಲೇಮಿನ ವಿಜ್ಞಾನಿಗಳು ಅದಕ್ಕೆ ಹೆಸರಿಡುವಾಗ ಆರಿಸಿಕೊಂಡದ್ದು ನಾವು ದಿನಾ ಆಡುವ ಆನಂದ ಎಂಬ ಪದ. ಅದನ್ನು ಒಡೆಯುವುದು ಫಾ ಎಂಬ ಬೇರೆ ಕಿಣ್ವ. ಈ ಕೆಲಸಕ್ಕೆ ಸೇರಿದಾಗ ಮೊದಲು ಓದಿದ್ದು ಇದನ್ನೇ. ಅವತ್ತಿನಿಂದ ಈ ಕಿಣ್ವಗಳ ಮೇಲೆ ನನಗೆ ತುಂಬ ಪ್ರೀತಿ.

ಮ್ಯಾಗಲ್ ಒಡೆದಾಗ 2-ಎಜಿಯಿಂದ ಎರಡು ತುಂಡು ಬರುತ್ತವೆ. ಗ್ಲಿಸರಾಲ್ ಮತ್ತು ಅರಾಕಿಡೋನಿಕ್ ಆಸಿಡ್. ಹಾಗಾಗಿ ಮ್ಯಾಗಲ್ ನಿಜವಾಗಿ ನಿಂತರೆ 2-ಎಜಿ ಏರಬೇಕು, ಅರಾಕಿಡೋನಿಕ್ ಇಳಿಯಬೇಕು. 2009ರಲ್ಲಿ ಮ್ಯಾಗಲ್ ತಡೆಯುವ ಜೆಝಡ್‌ಎಲ್184 ಕೊಟ್ಟ ಇಲಿಗಳಲ್ಲಿ ಕಂಡದ್ದೂ ಹೀಗೇ: 2-ಎಜಿ ಸುಮಾರು ಎಂಟು ಪಟ್ಟು ಮೇಲೆ, ಅರಾಕಿಡೋನಿಕ್ ಕೆಳಗೆ.

ಕ್ಲೈಂಟ್ ಕಡೆಯ ಒಬ್ಬ ಮಹಿಳೆ ಅಲ್ಲಿವರೆಗೂ ಮಾತೇ ಆಡಿರಲಿಲ್ಲ. ಮೈಕ್ ಆನ್ ಮಾಡಿ ಮೆಲ್ಲಗೆ ಕೇಳಿದರು: ಅರಾಕಿಡೋನಿಕ್ ಎಷ್ಟಿದೆ?

ಸ್ಲೈಡ್‌ನಲ್ಲಿ ಅದು ಇರಲಿಲ್ಲ. ಸ್ಕ್ರೀನ್ ಶೇರ್ ಆಗಿದ್ದಾಗಲೇ ಎಕ್ಸೆಲ್ ತೆರೆದೆ. ಕಾಲಂ ಹುಡುಕಲು ಕೈ ನಡುಗುತ್ತಿತ್ತು. ಅದು ಎಲ್ಲಿದೆ ಅಂತ ನನಗೆ ಚೆನ್ನಾಗಿ ಗೊತ್ತಿತ್ತು, ಅಲ್ವಾ? ಹಿಂದಿನ ರಾತ್ರಿಯೇ ನೋಡಿದ್ದೆ. ಡೋಸ್ ಗ್ರೂಪ್‌ನಲ್ಲಿ ಅದು ಇಳಿದಿರಲಿಲ್ಲ, ಎರಡು ಪಟ್ಟಾಗಿತ್ತು. ರಾತ್ರಿ ಹನ್ನೊಂದರ ಹೊತ್ತಿಗೆ ನಾನು ನನಗೇ ಒಂದು ಸಮಾಧಾನ ಹೇಳಿಕೊಂಡಿದ್ದೆ: ಅರಾಕಿಡೋನಿಕ್‌ಗೆ ಬ್ಯಾಕ್‌ಗ್ರೌಂಡ್ ಯಾವಾಗಲೂ ಜಾಸ್ತಿ, ಟ್ಯೂಬ್‌ನಿಂದ ಬಂದಿರಬೇಕು. ಬ್ಲ್ಯಾಂಕ್ ಇಂಜೆಕ್ಷನ್, ಅಂದರೆ ಮೆದುಳಿನ ಸ್ಯಾಂಪಲ್ ಇಲ್ಲದೆ ಯಂತ್ರಕ್ಕೆ ಹಾಕಿದ್ದನ್ನು, ನೋಡಿದ್ದರೆ ಎರಡು ನಿಮಿಷದ ಕೆಲಸ. ನೋಡಲಿಲ್ಲ. 2-ಎಜಿ ಬಾರ್ ಅಷ್ಟು ಚೆನ್ನಾಗಿತ್ತು.

ಅಂಕಿ ಹೇಳಿದೆ. ಆ ಕಡೆ ಮೌನ. ಅರ್ಧ ನಿಮಿಷ ಇರಬಹುದು, ನನಗೆ ಅದು ಮುಗಿಯುತ್ತಲೇ ಇಲ್ಲ ಅನ್ನಿಸಿತು. ಆಮೇಲೆ ಅವರು ಇನ್ನೊಂದೇ ಪ್ರಶ್ನೆ ಕೇಳಿದರು. ಎರಡೂ ಗ್ರೂಪ್ ಒಂದೇ ಹೊತ್ತಿಗೆ ಡಿಸೆಕ್ಟ್ ಮಾಡಿದ್ದೀರಾ?

ಮಾಡಿರಲಿಲ್ಲ. ಬೆಳಿಗ್ಗೆ ವೆಹಿಕಲ್ ಎಂಟು ಇಲಿ, ಊಟದ ನಂತರ ಡೋಸ್ ಎಂಟು. ಬೆಳಿಗ್ಗೆ ಡ್ಯೂವರ್, ಅಂದರೆ ದ್ರವ ಸಾರಜನಕದ ಪಾತ್ರೆ, ತುಂಬಿತ್ತು. ಮೆದುಳು ತೆಗೆದು ದ್ರವ ಸಾರಜನಕಕ್ಕೆ ಹಾಕಲು ಒಂದು ನಿಮಿಷವೂ ಬೇಕಾಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ತಳ ಕಂಡಿತ್ತು. ಇಡೀ ಮಹಡಿಗೆ ಇರುವುದು ಅದೊಂದೇ. ರೀಫಿಲ್‌ಗೆ ಎರಡು ಸಹಿ ಬೇಕು, ಸಹಿ ಹಾಕುವವರು ಮೀಟಿಂಗ್‌ನಲ್ಲಿ. ಶುಕ್ರವಾರ ಡೇಟಾ ಹೋಗಲೇಬೇಕು ಅಂತ ಮೇಲಿನಿಂದ ಒತ್ತಡ. ಡ್ರೈ ಐಸ್‌ನಲ್ಲಿ ಸುಧಾರಿಸಿದೆವು. ಕೆಲವು ಮೆದುಳು ನಾಲ್ಕೈದು ನಿಮಿಷ ಟ್ರೇ ಮೇಲೇ ಇದ್ದವು.

ಆ ನಾಲ್ಕು ನಿಮಿಷ ಮೆದುಳಿಗೆ ಚಿಕ್ಕದಲ್ಲ. ರಕ್ತ ನಿಂತ ಕೂಡಲೇ ಶಕ್ತಿ ಖಾಲಿ. ಕ್ಯಾಲ್ಸಿಯಂ ಕೋಶದೊಳಗೆ ನುಗ್ಗುತ್ತದೆ. ಲೈಪೇಸ್‌ಗಳು ಪೊರೆಯ ಕೊಬ್ಬನ್ನು ಕತ್ತರಿಸತೊಡಗುತ್ತವೆ. ಅರಾಕಿಡೋನಿಕ್ ಬಿಡುಗಡೆಯಾಗುತ್ತದೆ, 2-ಎಜಿಯೂ ಏರುತ್ತದೆ. ಎರಡೂ ಒಟ್ಟಿಗೆ ಏರಿದ್ದಕ್ಕೆ ಕಾರಣ ಮಾಲಿಕ್ಯೂಲ್ ಅಲ್ಲ, ನಮ್ಮ ತಡ.

ನಾನು ನಂಬಿದ್ದು ಐಎಸ್ ರಿಕವರಿಯನ್ನು. ಐಎಸ್ ಅಂದರೆ ಅಳತೆ ಸರಿಯಿದೆಯೇ ಅಂತ ನೋಡಲು ನಾವೇ ಸ್ಯಾಂಪಲ್‌ಗೆ ಸೇರಿಸುವ ಗುರುತಿನ ವಸ್ತು, ಇಲ್ಲಿ ಡಿ5-2-ಎಜಿ. ಎಲ್ಲಾ ಸ್ಯಾಂಪಲ್‌ನಲ್ಲೂ ಡಿ5-2-ಎಜಿ ಚೆನ್ನಾಗಿ ಬಂದಿತ್ತು. 2-ಎಜಿ ರೂಪ ಬದಲಿಸಿ ಆಗುವ 1-ಎಜಿಯ ಪೀಕ್ ಕೂಡ ಸೇರಿಸಿ ಲೆಕ್ಕ ಹಾಕಿದ್ದೆ. ಕ್ಯೂಸಿ, ಅಂದರೆ ಗುಣಮಟ್ಟದ ಪರೀಕ್ಷೆ, ಪಾಸ್. ಆದರೆ ಐಎಸ್ ಹಾಕುವುದು ಮೆದುಳನ್ನು ಅರೆದು ಹೋಮೋಜಿನೈಸ್ ಮಾಡುವಾಗ. ಅದಕ್ಕಿಂತ ಮೊದಲು ಟ್ರೇ ಮೇಲೆ ನಡೆದದ್ದು ಅದಕ್ಕೆ ಹೇಗೆ ಗೊತ್ತಾಗಬೇಕು? ಇದನ್ನು ಯಾವ ಎಸ್ಒಪಿಯೂ (ಕೆಲಸದ ಲಿಖಿತ ಕ್ರಮ) ನನಗೆ ಹೇಳಿಕೊಟ್ಟಿರಲಿಲ್ಲ. ಆದರೂ ನಾನೇ ಯೋಚಿಸಬೇಕಿತ್ತು.

ಪಕ್ಕದ ಬೆಂಚಿನ ಹುಡುಗಿ ವಾರದ ಹಿಂದೆಯೇ ಹೇಳಿದ್ದಳು, ಮೊದಲು ಎಫ್‌ಪಿ-ರೋಡಮೀನ್ ಜೆಲ್ ಓಡಿಸೋಣ ಅಂತ. ಅದು ಕೆಲಸ ಮಾಡುತ್ತಿರುವ ಕಿಣ್ವಕ್ಕೆ ಅಂಟಿ ಹೊಳೆಯುವ ಪ್ರೋಬ್. ಹಾಗಾಗಿ ಕಿಣ್ವ ನಿಂತಿದೆಯೋ ಇಲ್ಲವೋ ಜೆಲ್ ನೇರವಾಗಿ ತೋರಿಸುತ್ತದೆ. ಟೈಮ್ ಇಲ್ಲ ಅಂದಿದ್ದೆ. ಕಾಲ್ ಮುಗಿದ ಮರುದಿನ ಉಳಿಸಿದ್ದ ಅರ್ಧ ಮೆದುಳುಗಳಿಂದ ಅವಳೇ ಓಡಿಸಿದಳು. ಸ್ಕ್ಯಾನರ್‌ನಲ್ಲಿ 35 ಕೆಡಿ (ಪ್ರೋಟೀನಿನ ತೂಕದ ಅಳತೆ) ಹತ್ತಿರ ಮ್ಯಾಗಲ್ ಬ್ಯಾಂಡ್ ಡೋಸ್ ಗ್ರೂಪ್‌ನಲ್ಲೂ ಹಾಗೇ ಹೊಳೆಯುತ್ತಿತ್ತು. ಮಾಲಿಕ್ಯೂಲ್ ಅದನ್ನು ಮುಟ್ಟಿಯೇ ಇರಲಿಲ್ಲ.

ಮ್ಯಾನೇಜರ್‌ಗೆ ಇದು ಬರೀ ಒಂದು ಕ್ಲೈಂಟ್ ಎಸ್ಕಲೇಷನ್. ನನಗೆ ಹಾಗನ್ನಿಸಲಿಲ್ಲ. 2016ರ ಜನವರಿಯಲ್ಲಿ ಫ್ರಾನ್ಸಿನ ರೆನ್ ನಗರದಲ್ಲಿ ಫಾ ತಡೆಯುವ ಒಂದು ಔಷಧದ ಪ್ರಯೋಗ ನಡೆಯುತ್ತಿತ್ತು. ಆರೋಗ್ಯವಂತರಾಗಿ ಬಂದ ಸ್ವಯಂಸೇವಕರಲ್ಲಿ ಒಬ್ಬರು ಸತ್ತರು. ಇನ್ನು ಕೆಲವರ ಮೆದುಳಿಗೆ ಪೆಟ್ಟಾಯಿತು. ಆ ಔಷಧ ಫಾ ಒಂದನ್ನೇ ಅಲ್ಲದೆ ಬೇರೆ ಹಲವು ಲೈಪೇಸ್‌ಗಳನ್ನೂ ಹಿಡಿಯುತ್ತಿತ್ತು ಅಂತ 2017ರಲ್ಲಿ ತೋರಿಸಿಕೊಟ್ಟದ್ದು ಇದೇ ಬಗೆಯ ಪ್ರೋಬ್‌ಗಳು. ನಮ್ಮ ಎರಡು ಬಾರ್ ಎಲ್ಲೋ ದೂರದಲ್ಲಿ ಯಾರದೋ ಡೋಸ್ ಆಗುತ್ತದೆ. ಇದು ಮರೆತು ಶುಕ್ರವಾರದ ಲೆಕ್ಕ ಮಾಡುವ ಕಂಪನಿಗಳ ಮೇಲೆ ನನಗೆ ಸಿಟ್ಟಿದೆ. ಅವತ್ತು ಅದೇ ಲೆಕ್ಕ ನಾನೂ ಮಾಡಿದೆ.

ಮೂರು ವಾರದ ನಂತರ ಮತ್ತೆ ಮಾಡಿದೆವು. ಹದಿನಾರು ಇಲಿಗಳ ಸರದಿ ಕಲಸಿ, ಯಾವುದು ಯಾವ ಗ್ರೂಪ್ ಅಂತ ಡಿಸೆಕ್ಟ್ ಮಾಡುವವರಿಗೆ ಗೊತ್ತಿಲ್ಲದ ಹಾಗೆ. ಜೆಝಡ್‌ಎಲ್184 ಕೊಟ್ಟ ನಾಲ್ಕು ಇಲಿ ಬೇರೆ. ಅವುಗಳಲ್ಲಿ 2-ಎಜಿ ಏರಿತು, ಅರಾಕಿಡೋನಿಕ್ ಇಳಿಯಿತು. ಕ್ಲೈಂಟ್ ಮಾಲಿಕ್ಯೂಲ್‌ನಲ್ಲಿ ಎರಡೂ ಇದ್ದಲ್ಲೇ ಇದ್ದವು. ಆ ಕಾಲ್‌ನಲ್ಲಿ ಮೊದಲ ಸ್ಲೈಡೇ ಅರಾಕಿಡೋನಿಕ್. ಅವರು ಥ್ಯಾಂಕ್ಸ್ ಹೇಳಿ ಆ ಸೀರೀಸ್ ನಿಲ್ಲಿಸಿದರು.

ಈಗ ನಮ್ಮ ಸ್ಯಾಂಪಲ್ ಶೀಟ್‌ನಲ್ಲಿ ಹೊಸ ಕಾಲಂ ಇದೆ: ಡಿಕ್ಯಾಪ್‌ನಿಂದ (ಇಲಿಯ ತಲೆ ಬೇರ್ಪಡಿಸಿದ ಕ್ಷಣ) ಸಾರಜನಕಕ್ಕೆ ಎಷ್ಟು ಸೆಕೆಂಡ್. ನಾನೇ ಪಕ್ಕದಲ್ಲಿ ನಿಂತು ಬರೆಯುತ್ತೇನೆ. ಎರಡನೇ ಡ್ಯೂವರ್‌ಗೆ ಕೊಟ್ಟ ಅರ್ಜಿ ಇನ್ನೂ ಅಪ್ರೂವಲ್‌ನಲ್ಲಿದೆ. ಸೋಮವಾರ ಮತ್ತೆ ಕೇಳುತ್ತೇನೆ.